ವೀಕ್ಷಣಾ ಬಾವಿ ಮುಚ್ಚುವ ಮುನ್ನ: ಗಣಿ ಊರಿನ ಪಾಠ, ತಿಕೋಟಾ-ಬಬಲೇಶ್ವರದ ಪ್ರಶ್ನೆ

ವಿಜಯಪುರ: ನೀರು ಸೇದುವ ಬಾವಿಗೆ ಒಡೆಯನಿರುತ್ತಾನೆ. ಅದು ಬತ್ತಿದರೆ ಓಣಿಗೆಲ್ಲ ಸುದ್ದಿಯಾಗುತ್ತದೆ. ಆದರೆ ನೀರಿನ ಮಟ್ಟವನ್ನು ಅಳೆಯುವುದಕ್ಕೆಂದೇ ಗುರುತಿಸಲಾದ ವೀಕ್ಷಣಾ ಬಾವಿ ಬತ್ತಿದರೂ, ಹೂಳು ತುಂಬಿದರೂ, ರಸ್ತೆ ಅಗಲೀಕರಣದಲ್ಲಿ ಮಣ್ಣುಪಾಲಾದರೂ ಕೇಳುವವರಿಲ್ಲ. ಸರ್ಕಾರಿ ಪಟ್ಟಿಯೊಂದರಿಂದ ಒಂದು ಸಾಲು ಕಡಿಮೆಯಾಗುತ್ತದೆ, ಅಷ್ಟೆ. ಆ ಒಂದು ಸಾಲು ಕಡಿಮೆಯಾದುದರಿಂದ ಇಡೀ ತಾಲ್ಲೂಕಿನ ಅಂತರ್ಜಲದ ಲೆಕ್ಕವೇ ತಲೆಕೆಳಗಾಗಬಹುದು ಎಂಬುದು ಮಾತ್ರ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ.

ವಿಜಯಪುರ ಜಿಲ್ಲೆಯ ಮಟ್ಟಿಗೆ ಈ ವಿಚಾರ ಈಗ ಮುಖ್ಯವಾಗಲು ಎರಡು ಕಾರಣಗಳಿವೆ. ತಿಕೋಟಾ, ಬಬಲೇಶ್ವರ ಭಾಗದ ಒಣ ನೆಲಕ್ಕೆ ಏತ ನೀರಾವರಿಯ ಮೂಲಕ ಕೃಷ್ಣೆಯ ನೀರು ಹರಿದಿರುವುದು ಒಂದನೆಯದು. ಹಳೆಯ ವಿಜಯಪುರ ತಾಲ್ಲೂಕನ್ನು ಒಡೆದು ಈ ಎರಡೂ ಊರುಗಳನ್ನು ಪ್ರತ್ಯೇಕ ತಾಲ್ಲೂಕು ಕೇಂದ್ರಗಳನ್ನಾಗಿ ಮಾಡಿರುವುದು ಎರಡನೆಯದು. ಮೊದಲನೆಯದು ನೆಲದಡಿಯ ನೀರನ್ನೇ ಬದಲಿಸುತ್ತಿದೆ. ಎರಡನೆಯದು ಆ ನೀರಿನ ಲೆಕ್ಕ ಇಡುವ ಪುಸ್ತಕವನ್ನು ಬದಲಿಸಿದೆ. ಇಂತಹ ಹೊತ್ತಿನಲ್ಲಿ ಯಾವ ಬಾವಿಯನ್ನು ಉಳಿಸಬೇಕು, ಯಾವುದನ್ನು ಯಾರಿಗೆ ಹಸ್ತಾಂತರಿಸಬೇಕು, ಯಾವುದನ್ನು ಮುಚ್ಚಬೇಕು ಎಂಬ ಪ್ರಶ್ನೆ ಬರೀ ಕಚೇರಿಯ ಕೆಲಸವಲ್ಲ. ರೈತನ ಹೊಲದ ಭವಿಷ್ಯ ಅದಕ್ಕೆ ಅಂಟಿಕೊಂಡಿದೆ.

ಅಳತೆಯ ಬಾವಿ ಏನು ಮಾಡುತ್ತದೆ?

ವೀಕ್ಷಣಾ ಬಾವಿಯ ಕೆಲಸ ಸರಳವಾದುದು. ನಿಗದಿತ ದಿನ ಸಿಬ್ಬಂದಿ ಬಂದು ಅಳತೆಪಟ್ಟಿ ಇಳಿಸುತ್ತಾರೆ. ನೆಲದ ಮಟ್ಟದಿಂದ ಎಷ್ಟು ಮೀಟರ್ ಕೆಳಗೆ ನೀರಿದೆ ಎಂದು ಬರೆದುಕೊಳ್ಳುತ್ತಾರೆ. ಕೇಂದ್ರ ಅಂತರ್ಜಲ ಮಂಡಳಿಯು ತನ್ನ ಬಾವಿಗಳಲ್ಲಿ ವರ್ಷಕ್ಕೆ ನಾಲ್ಕು ಬಾರಿ, ಅಂದರೆ ಜನವರಿಯಲ್ಲಿ, ಮುಂಗಾರಿಗೆ ಮೊದಲು, ಆಗಸ್ಟ್‌ನಲ್ಲಿ ಮತ್ತು ನವೆಂಬರ್‌ನಲ್ಲಿ ಅಳತೆ ಮಾಡುತ್ತದೆ. ರಾಜ್ಯದ ಅಂತರ್ಜಲ ನಿರ್ದೇಶನಾಲಯವು ತನ್ನ ಬಾವಿಗಳಲ್ಲಿ ತಿಂಗಳಿಗೊಮ್ಮೆ ಅಳೆಯುತ್ತದೆ. ಮೊದಲು ಊರಿನ ತೆರೆದ ಬಾವಿಗಳನ್ನೇ ಇದಕ್ಕೆ ಬಳಸಲಾಗುತ್ತಿತ್ತು. 1995ರಿಂದ 2003ರವರೆಗೆ ವಿಶ್ವಬ್ಯಾಂಕ್ ನೆರವಿನಿಂದ ನಡೆದ ಜಲವಿಜ್ಞಾನ ಯೋಜನೆಯಲ್ಲಿ ಪೀಜೋಮೀಟರ್ ಎಂದು ಕರೆಯಲಾಗುವ, ಅಳತೆಗೆಂದೇ ಕೊರೆದ ಸಣ್ಣ ವ್ಯಾಸದ ಕೊಳವೆಬಾವಿಗಳು ಸೇರಿಕೊಂಡವು. 2016ರಲ್ಲಿ ಆರಂಭವಾದ ರಾಷ್ಟ್ರೀಯ ಜಲವಿಜ್ಞಾನ ಯೋಜನೆಯಿಂದ ತಾನೇ ಅಳೆದು ಮಾಹಿತಿ ಕಳುಹಿಸುವ ಯಂತ್ರಗಳೂ ಬಂದವು.

ಈ ಅಂಕಿಗಳು ಕಡತದಲ್ಲಿಯೇ ಉಳಿಯುವುದಿಲ್ಲ. ಪ್ರತಿ ತಾಲ್ಲೂಕಿನಲ್ಲಿ ವರ್ಷಕ್ಕೆ ಎಷ್ಟು ನೀರು ಇಂಗುತ್ತದೆ, ಅದರಲ್ಲಿ ಎಷ್ಟನ್ನು ಮೇಲೆತ್ತಲಾಗುತ್ತಿದೆ ಎಂಬ ಅಂದಾಜು ತಯಾರಾಗುತ್ತದೆ. ಬಳಕೆಯ ಪ್ರಮಾಣ ಶೇ 70ರೊಳಗಿದ್ದರೆ ಆ ತಾಲ್ಲೂಕು ಸುರಕ್ಷಿತ. ಶೇ 70ರಿಂದ 90ರವರೆಗೆ ಅರೆ ಗಂಭೀರ, 90ರಿಂದ 100ರವರೆಗೆ ಗಂಭೀರ, 100 ದಾಟಿದರೆ ಅತಿಬಳಕೆ. ಬಾವಿಗಳಲ್ಲಿ ಕಂಡುಬಂದ ಏರಿಳಿತವು ಈ ಅಂದಾಜಿಗೆ ಒರೆಗಲ್ಲು. ಲೆಕ್ಕದಲ್ಲಿ ಸುರಕ್ಷಿತ ಎಂದಿದ್ದು, ಬಾವಿಯ ನೀರು ಮಾತ್ರ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದರೆ ಲೆಕ್ಕವನ್ನೇ ಮರುಪರಿಶೀಲಿಸಬೇಕು ಎಂಬುದು ನಿಯಮ. ರಾಜ್ಯದ 2011ರ ಅಂತರ್ಜಲ ಕಾಯ್ದೆಯಂತೆ ಅಧಿಸೂಚಿತ ಪ್ರದೇಶದಲ್ಲಿ ಹೊಸ ಕೊಳವೆಬಾವಿ ಕೊರೆಯಲು ಅನುಮತಿ ಬೇಕು. ಎಂದರೆ ಒಂದು ಊರಿನ ರೈತನಿಗೆ ಬಾವಿ ಕೊರೆಯಲು ಅನುಮತಿ ಸಿಗುವುದೋ ಇಲ್ಲವೋ ಎಂಬುದರ ಹಿಂದೆ, ಎಲ್ಲೋ ಬೇಲಿಯ ಮಗ್ಗುಲಲ್ಲಿರುವ ಹೆಸರಿಲ್ಲದ ಬಾವಿಯ ಸಾಕ್ಷ್ಯವಿರುತ್ತದೆ.

ಬತ್ತಿದ ಬಾವಿ ಬಿಟ್ಟರೆ ಸರಾಸರಿ ಸುಧಾರಿಸುತ್ತದೆ!

ಈ ಸಾಕ್ಷ್ಯ ಹೇಗೆ ತಪ್ಪು ಹೇಳಬಲ್ಲದು ಎಂಬುದನ್ನು ಒಂದು ಉದಾಹರಣೆಯಿಂದ ಅರಿಯಬಹುದು. ನಾಲ್ಕು ಬಾವಿಗಳಿವೆ ಎಂದುಕೊಳ್ಳೋಣ. ಅವುಗಳಲ್ಲಿ ನೀರಿನ ಮಟ್ಟ ಕ್ರಮವಾಗಿ 8, 10, 12 ಮತ್ತು 18 ಮೀಟರ್ ಆಳದಲ್ಲಿದೆ. ಸರಾಸರಿ 12 ಮೀಟರ್. ಮರುವರ್ಷ ಎಲ್ಲೆಡೆಯೂ ನೀರು ಒಂದೊಂದು ಮೀಟರ್ ಇಳಿಯಿತು. ನಾಲ್ಕನೆಯ ಬಾವಿಯ ತಳ ಇರುವುದೇ 18 ಮೀಟರ್‌ನಲ್ಲಿ. ಆದ್ದರಿಂದ ಅದು ಬತ್ತಿತು. ಅಳೆಯಲು ನೀರಿಲ್ಲದ ಕಾರಣ ಅದನ್ನು ಪಟ್ಟಿಯಿಂದ ಕೈಬಿಡಲಾಯಿತು. ಉಳಿದ ಮೂರರಲ್ಲಿ ನೀರಿನ ಆಳ 9, 11, 13 ಮೀಟರ್. ಸರಾಸರಿ 11. ನೀರು ಎಲ್ಲ ಕಡೆಯೂ ಕೆಳಗಿಳಿದಿದೆ. ಆದರೆ ಕಾಗದದ ಮೇಲೆ ಮಟ್ಟ ಒಂದು ಮೀಟರ್ ಮೇಲೇರಿದೆ!

ಇದು ಬರಿಯ ಊಹೆಯ ಲೆಕ್ಕವಲ್ಲ. ದಕ್ಷಿಣ ಭಾರತದಲ್ಲಿ ಅಂತರ್ಜಲ ಚೇತರಿಸಿಕೊಳ್ಳುತ್ತಿದೆ ಎಂಬ ವರದಿಗಳನ್ನು ಪರಿಶೀಲಿಸಿದ ಸಂಶೋಧಕರಾದ ತೇಜಸ್ವಿ ಹೋರಾ, ವೀಣಾ ಶ್ರೀನಿವಾಸನ್ ಮತ್ತು ನಂದಿತಾ ಬಸು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದೇ ಲೋಪವನ್ನು ಎತ್ತಿ ತೋರಿಸಿದ್ದಾರೆ. ಬತ್ತಿದ ಬಾವಿಗಳನ್ನು, ಮಾಹಿತಿ ಅಪೂರ್ಣವಾಗಿರುವ ಬಾವಿಗಳನ್ನು ವಿಶ್ಲೇಷಣೆಯಿಂದ ಹೊರಗಿಟ್ಟರೆ ನೀರಿರುವ ಬಾವಿಗಳಷ್ಟೇ ಉಳಿಯುತ್ತವೆ. ಆಗ ಚೇತರಿಕೆ ಕಂಡಂತಾಗುತ್ತದೆ. ಬದುಕುಳಿದವರನ್ನು ಮಾತ್ರ ಎಣಿಸಿ ಊರಿನಲ್ಲಿ ಯಾರೂ ಸತ್ತಿಲ್ಲ ಎಂದಂತೆ ಇದು.

ಆದುದರಿಂದ ಬತ್ತಿದ ಬಾವಿ ನಿರುಪಯುಕ್ತವಲ್ಲ. 'ಬತ್ತಿದೆ' ಎಂಬುದೂ ಒಂದು ಅಳತೆಯೇ. ಆ ಬಾವಿಯನ್ನು ಬಿಡಬೇಕಾದ ಸಂದರ್ಭ ಬಂದರೆ ಯಾವ ದಿನದಿಂದ, ಯಾವ ಕಾರಣಕ್ಕೆ, ಎಷ್ಟು ಆಳದಲ್ಲಿ ಅದು ಬತ್ತಿತು ಎಂಬುದನ್ನು ಬರೆದಿಟ್ಟು, ಅದೇ ಜಾಗದಲ್ಲಿ ಹೆಚ್ಚು ಆಳದ ಬದಲಿ ಬಾವಿ ಕೊರೆದು, ಕೆಲವು ಕಾಲ ಎರಡನ್ನೂ ಹೋಲಿಸಿ ನೋಡಬೇಕು. ಹಾಗೆ ಮಾಡದಿದ್ದರೆ ಹಳೆಯ ದಾಖಲೆಗೂ ಹೊಸ ದಾಖಲೆಗೂ ಸಂಬಂಧವೇ ಕಡಿದುಹೋಗುತ್ತದೆ.

ತಾಲ್ಲೂಕು ಒಡೆದಾಗ ಒಡೆದ ಲೆಕ್ಕ

2017ರ ಬಜೆಟ್‌ನಲ್ಲಿ ರಾಜ್ಯ ಸರ್ಕಾರ 49 ಹೊಸ ತಾಲ್ಲೂಕುಗಳನ್ನು ಘೋಷಿಸಿತು. ವಿಜಯಪುರ, ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ಎಂಬ ಐದು ತಾಲ್ಲೂಕುಗಳ ಈ ಜಿಲ್ಲೆಗೆ ತಿಕೋಟಾ, ಬಬಲೇಶ್ವರ, ಕೊಲ್ಹಾರ, ನಿಡಗುಂದಿ, ತಾಳಿಕೋಟಿ, ದೇವರ ಹಿಪ್ಪರಗಿ, ಚಡಚಣ ಸೇರಿದವು. ಆಲಮೇಲ ಬಳಿಕ ಬಂದಿತು. ಜನರಿಗೆ ತಹಶೀಲ್ದಾರ್ ಕಚೇರಿ ಹತ್ತಿರವಾಯಿತು. ಅದು ಒಳ್ಳೆಯದೇ.

ಆದರೆ ಕರ್ನಾಟಕದಲ್ಲಿ ಅಂತರ್ಜಲ ಅಂದಾಜಿನ ಘಟಕವೂ ತಾಲ್ಲೂಕೇ ಆಗಿದೆ. 2017ರ ಅಂದಾಜಿನಲ್ಲಿ ರಾಜ್ಯದಲ್ಲಿ 176 ಘಟಕಗಳಿದ್ದವು. 2022ರ ಅಂದಾಜಿನ ವೇಳೆಗೆ ಅವು 234 ಆದವು. ಆ ವರ್ಷದಿಂದ ಅಂದಾಜು ಪ್ರತಿ ವರ್ಷವೂ ನಡೆಯುತ್ತಿದೆ. ಹಿಂದೆ ವಿಜಯಪುರ ತಾಲ್ಲೂಕಿನ ಹೆಸರಿನಲ್ಲಿ ದಾಖಲಾಗುತ್ತಿದ್ದ ಬಾವಿಗಳು ಈಗ ಮೂರು ಹೆಸರುಗಳಲ್ಲಿ ಹಂಚಿಹೋಗುತ್ತವೆ. ದೊಡ್ಡ ತಾಲ್ಲೂಕಿನಲ್ಲಿ ಹತ್ತರಲ್ಲಿ ಒಂದು ಬಾವಿ ಕೈಕೊಟ್ಟರೆ ನಷ್ಟ ಹತ್ತನೆಯ ಒಂದು ಪಾಲು. ಸಣ್ಣ ತಾಲ್ಲೂಕಿನಲ್ಲಿ ಇರುವ ಮೂರರಲ್ಲಿ ಒಂದು ಹೋದರೆ ಮೂರನೆಯ ಒಂದು ಪಾಲು ಸಾಕ್ಷ್ಯವೇ ಹೋದಂತೆ. ಘಟಕ ಸಣ್ಣದಾದಷ್ಟೂ ಪ್ರತಿಯೊಂದು ಬಾವಿಯ ಬೆಲೆ ಹೆಚ್ಚುತ್ತದೆ.

ಈ ಜಿಲ್ಲೆಯ ನೆಲವೂ ಆ ಮಾತಿಗೆ ಬಲ ಕೊಡುತ್ತದೆ. ಜಿಲ್ಲೆಯ ಬಹುಭಾಗ ದಖ್ಖನ್ ಪ್ರಸ್ಥಭೂಮಿಯ ಕಪ್ಪು ಶಿಲೆ, ಅಂದರೆ ಬಸಾಲ್ಟ್. ಲಾವಾರಸ ಪದರ ಪದರವಾಗಿ ಹರಿದು ಗಟ್ಟಿಯಾದ ಈ ಶಿಲೆಯಲ್ಲಿ ನೀರು ಎಲ್ಲೆಡೆ ಸಮನಾಗಿ ನಿಲ್ಲುವುದಿಲ್ಲ. ಶಿಥಿಲಗೊಂಡ ಮೇಲ್ಪದರದಲ್ಲಿ, ರಂಧ್ರಗಳಿರುವ ಪದರದಲ್ಲಿ, ಬಿರುಕುಗಳಲ್ಲಿ ಮಾತ್ರ ನಿಲ್ಲುತ್ತದೆ. ಪದರಗಳ ನಡುವಿನ ಕೆಂಪು ಜೇಡಿಯ ಪಟ್ಟಿ ಕೆಲವೆಡೆ ಮೇಲಿನ ನೀರು ಕೆಳಗಿಳಿಯದಂತೆ ತಡೆಯುತ್ತದೆ. ಒಂದು ಹೊಲದಲ್ಲಿ ನೀರು ಸಿಕ್ಕಿ ಪಕ್ಕದ ಹೊಲದಲ್ಲಿ ಧೂಳು ಹಾರುವುದನ್ನು ಇಲ್ಲಿನ ರೈತರು ಬಲ್ಲರು. ಇಂತಹ ನೆಲದಲ್ಲಿ ತಿಕೋಟಾದ ಬಾವಿಗೆ ವಿಜಯಪುರದ ಬಾವಿ ಸಾಕ್ಷಿಯಾಗಲಾರದು. ಗಡಿ ಬದಲಾದಾಗ ಬಾವಿಯ ಕ್ರಮಸಂಖ್ಯೆ ಬದಲಾಗಬಹುದು. ಅದರ ಹಿಂದಿನ ದಶಕಗಳ ದಾಖಲೆ ಅದರ ಜೊತೆಯಲ್ಲಿಯೇ ಹೊಸ ತಾಲ್ಲೂಕಿಗೆ ಹೋಗಬೇಕು.

ನೀರು ಬಂದ ಮೇಲೆ ಅಳತೆ ಏಕೆ?

ಸುಮಾರು 600 ಮಿಲಿಮೀಟರ್ ಆಸುಪಾಸಿನ ವಾರ್ಷಿಕ ಮಳೆಯ ಈ ಸೀಮೆಯಲ್ಲಿ ಬರ ಅಪರೂಪದ ಅತಿಥಿಯಲ್ಲ. 1876ರಿಂದ 78ರವರೆಗಿನ ಭೀಕರ ಕ್ಷಾಮದ ನೆನಪು ಇನ್ನೂ ಮಾಸಿಲ್ಲ. ದ್ರಾಕ್ಷಿ ಬೆಳೆಗೆ ಹೆಸರಾದ ತಿಕೋಟಾ ಭಾಗದಲ್ಲಿ ಕೊಳವೆಬಾವಿ ಬತ್ತಿದಾಗ ಟ್ಯಾಂಕರ್ ನೀರು ಕೊಂಡು ತಂದು ಬಳ್ಳಿ ಉಳಿಸಿಕೊಂಡ ರೈತರಿಗೆ ನೆಲದಡಿಯ ನೀರಿನ ಬೆಲೆ ಯಾರೂ ಹೇಳಿಕೊಡಬೇಕಿಲ್ಲ.

ಆಲಮಟ್ಟಿ ಹಿನ್ನೀರಿನಿಂದ ನೀರೆತ್ತುವ ಮುಳವಾಡ ಏತ ನೀರಾವರಿ, ಜಮಖಂಡಿ ತಾಲ್ಲೂಕಿನ ತುಬಚಿ ಬಳಿ ಕೃಷ್ಣೆಯಿಂದ ನೀರೆತ್ತುವ ತುಬಚಿ-ಬಬಲೇಶ್ವರ ಏತ ನೀರಾವರಿ ಯೋಜನೆಗಳು ಈ ಚಿತ್ರವನ್ನು ಬದಲಿಸಿವೆ. ಬಬಲೇಶ್ವರ ಕ್ಷೇತ್ರದ ಶಾಸಕ ಎಂ.ಬಿ. ಪಾಟೀಲ ಅವರು 2013ರಿಂದ 2018ರವರೆಗೆ ಜಲಸಂಪನ್ಮೂಲ ಸಚಿವರಾಗಿದ್ದ ಅವಧಿಯಲ್ಲಿ ಈ ಕಾಮಗಾರಿಗಳಿಗೆ ವೇಗ ದೊರೆಯಿತು. ಕೆರೆ ತುಂಬುವ ಯೋಜನೆಯಿಂದ ಒಣಗಿದ್ದ ಕೆರೆಗಳಿಗೆ ನೀರು ಬಂದಿತು. ಕೆರೆ ತುಂಬಿದರೆ ಸುತ್ತಲಿನ ಬಾವಿಗಳಲ್ಲಿ ನೀರು ಏರುವುದು ಸಹಜ.

ಇಲ್ಲಿಯೇ ಅಪಾಯವೂ ಇದೆ. ನೀರಿಗೆ ಹಾಹಾಕಾರವಿದ್ದಾಗ ಮಟ್ಟ ಅಳೆಯುವ ಬಾವಿಯ ಬಗ್ಗೆ ಎಲ್ಲರಿಗೂ ಆಸಕ್ತಿ. ನೀರು ಬಂದ ಮೇಲೆ ಅದು ಬೇಡವಾದ ಖರ್ಚಿನಂತೆ ಕಾಣುತ್ತದೆ. ವಾಸ್ತವದಲ್ಲಿ ಕಾಲುವೆ ಬಂದ ನಂತರವೇ ಅಳತೆಯ ಅಗತ್ಯ ಹೆಚ್ಚು. ಅದಕ್ಕೆ ಕಾರಣಗಳು ಮೂರು.

ಮೊದಲನೆಯದಾಗಿ, ಅಂತರ್ಜಲ ಅಂದಾಜಿನಲ್ಲಿ ಕಾಲುವೆ ನೀರು ಉಣ್ಣುವ ಅಚ್ಚುಕಟ್ಟು ಪ್ರದೇಶಕ್ಕೂ, ಅಚ್ಚುಕಟ್ಟಲ್ಲದ ಪ್ರದೇಶಕ್ಕೂ ಬೇರೆ ಬೇರೆ ಲೆಕ್ಕ. ಹಿಂದೆ ಪೂರ್ತಿ ಮಳೆಯಾಶ್ರಿತವಾಗಿದ್ದ ಹೊಲ ಈಗ ಅಚ್ಚುಕಟ್ಟಿಗೆ ಸೇರಿದರೆ ಕಾಲುವೆಯ ಸೋರಿಕೆ, ಹೊಲಕ್ಕೆ ಹಾಯಿಸಿದ ನೀರಿನ ಇಂಗುವಿಕೆ, ಕೆರೆಯ ಇಂಗುವಿಕೆ ಇವೆಲ್ಲ ಜಮೆಯ ಬದಿಗೆ ಬರುತ್ತವೆ. ಬಾವಿಯ ಅಳತೆ ಇಲ್ಲದಿದ್ದರೆ ಈ ಜಮೆ ನಿಜವೋ, ಸೂತ್ರದಿಂದ ಹುಟ್ಟಿದ್ದೋ ತಿಳಿಯುವುದಿಲ್ಲ.

ಎರಡನೆಯದಾಗಿ, ಎರೆಭೂಮಿಗೆ ನೀರು ಹೆಚ್ಚಾದರೆ ಅದೂ ಕಷ್ಟವೇ. ನೀರು ಬಸಿದುಹೋಗದ ಕಪ್ಪು ನೆಲದಲ್ಲಿ ಮಟ್ಟ ಮೇಲೇರುತ್ತ ಬಂದರೆ ಬೇರಿನ ಬುಡದಲ್ಲಿ ನೀರು ನಿಲ್ಲುತ್ತದೆ, ಉಪ್ಪು ಮೇಲೆ ಬರುತ್ತದೆ, ಭೂಮಿ ಸವಳಾಗುತ್ತದೆ. ತುಂಗಭದ್ರಾ ಮತ್ತು ಕೃಷ್ಣಾ ಅಚ್ಚುಕಟ್ಟುಗಳಲ್ಲಿ ಸವಳು-ಜವಳು ಭೂಮಿಯ ಸಮಸ್ಯೆ ಹೊಸದಲ್ಲ. ಡೋಣಿ ನದಿಯ ದಂಡೆಯವರಿಗಂತೂ ಉಪ್ಪಿನ ರುಚಿ ಗೊತ್ತು. ಮಹಾರಾಷ್ಟ್ರದ ಜತ್ತ ಭಾಗದಲ್ಲಿ ಹುಟ್ಟಿ, ಸಾರವಾಡದ ಬಳಿ ಹಾದು ಕೃಷ್ಣೆಯನ್ನು ಸೇರುವ ಈ ನದಿಯ ಕಣಿವೆಯಲ್ಲಿ ಭೂಮಿ ಫಲವತ್ತು, ನೀರು ಮಾತ್ರ ಸವಳು. ಡೋಣಿ ಬೆಳೆದರೆ ಓಣಿ ತುಂಬ ಜೋಳ ಎಂಬ ಗಾದೆ ಮಳೆಯನ್ನು ನಂಬಿದ ಬೇಸಾಯದ ಕಾಲದ್ದು. ಅದೇ ಕಣಿವೆಯ ಅಕ್ಕಪಕ್ಕಕ್ಕೆ ವರ್ಷದ ಹಲವು ತಿಂಗಳು ಕಾಲುವೆ ನೀರು ಹರಿದರೆ ಏನಾದೀತು ಎಂಬುದನ್ನು ಮೊದಲು ಹೇಳಬಲ್ಲುದು ವೀಕ್ಷಣಾ ಬಾವಿಯೇ. ನೆಲದ ಮೇಲೆ ಬಿಳಿಯ ಉಪ್ಪು ಕಾಣಿಸಿಕೊಳ್ಳುವ ಹೊತ್ತಿಗೆ ತಡವಾಗಿರುತ್ತದೆ.

ಮೂರನೆಯದಾಗಿ, ಕಾಲುವೆ ಹರಿಯುವುದು ನದಿಯಲ್ಲಿ ನೀರಿದ್ದಾಗ. 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಬೇಕಾಯಿತು. ಅಂತಹ ವರ್ಷದಲ್ಲಿ ರೈತ ಮರಳಿ ಕೊಳವೆಬಾವಿಗೇ ಬರುತ್ತಾನೆ. ಆಗ ನೆಲದಡಿಯ ಖಜಾನೆಯಲ್ಲಿ ಎಷ್ಟಿದೆ ಎಂಬ ಲೆಕ್ಕ ಕೈಯಲ್ಲಿರಬೇಕು.

ಕೋಲಾರ ಗಣಿ ಕಲಿಸಿದ್ದು

ಕೆಲಸ ಮುಗಿಯಿತು ಎಂಬ ಭಾವನೆ ಬಂದೊಡನೆ ಅಳತೆಯೂ ಮುಗಿಯುವುದು ನೀರಾವರಿಗೆ ಸೀಮಿತವಾದ ರೋಗವಲ್ಲ. ಅದರ ಪೂರ್ಣ ರೂಪ ಕಾಣುವುದು ಮುಚ್ಚಿದ ಗಣಿಗಳಲ್ಲಿ. ಗಣಿ ನಡೆಯುತ್ತಿರುವಾಗ ಅಲ್ಲಿ ಪಂಪು ಇರುತ್ತದೆ, ಪ್ರಯೋಗಾಲಯ ಇರುತ್ತದೆ, ಹೊಣೆ ಹೊರುವ ಕಂಪನಿ ಇರುತ್ತದೆ. ಗಣಿ ಮುಚ್ಚಿದ ದಿನ ಇವೆಲ್ಲ ಒಟ್ಟಿಗೆ ಹೋಗುತ್ತವೆ. ನೆಲದಡಿಯ ನೀರು ಚಲಿಸಲು ಆರಂಭಿಸುವುದು ಮಾತ್ರ ಆಗಲೇ.

ಕೋಲಾರ ಚಿನ್ನದ ಗಣಿಯ ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರುವರಿ 28ರಂದು ಬಾಗಿಲು ಮುಚ್ಚಿತು. ಸುಮಾರು 3.2 ಕಿಲೋಮೀಟರ್ ಆಳಕ್ಕೆ ಇಳಿದಿದ್ದ ಆ ಗಣಿಯಲ್ಲಿ ಪಂಪುಗಳು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿಕೊಂಡಿತು. ಅದಿರಿನಿಂದ ಚಿನ್ನ ತೆಗೆದು ಉಳಿದ, ಸೈನೈಡ್ ಸಂಸ್ಕರಣೆಗೆ ಒಳಗಾದ ಮಣ್ಣಿನ ದಿಬ್ಬಗಳು ಊರಿನ ಮಗ್ಗುಲಲ್ಲಿ ಹಾಗೆಯೇ ಉಳಿದವು. ಗಾಳಿ ಬೀಸಿದಾಗ ಧೂಳು, ಮಳೆ ಬಂದಾಗ ಹರಿನೀರು. ಸುತ್ತಲಿನ ನೆಲದಡಿಯ ನೀರಿನಲ್ಲಿ ಏನಾಗುತ್ತಿದೆ ಎಂದು ಒಂದೇ ಜಾಗದಲ್ಲಿ, ಒಂದೇ ಕ್ರಮದಲ್ಲಿ, ವರ್ಷಗಟ್ಟಲೆ ನೋಡುವ ಹೊಣೆಯನ್ನು ಗಣಿ ಮುಚ್ಚುವ ದಿನವೇ ಒಬ್ಬರಿಗೆ ವಹಿಸಬೇಕಾಗಿತ್ತು.

ಪ್ರಮುಖ ಖನಿಜಗಳ ಗಣಿಗಳಿಗೆ ಮುಚ್ಚುಗಡೆ ಯೋಜನೆ ಸಲ್ಲಿಸುವುದನ್ನು ಕೇಂದ್ರ ಸರ್ಕಾರ ಕಡ್ಡಾಯ ಮಾಡಿದ್ದು 2003ರ ಏಪ್ರಿಲ್‌ನಲ್ಲಿ, ಅಂದರೆ ಕೋಲಾರ ಗಣಿ ಮುಚ್ಚಿ ಎರಡು ವರ್ಷಗಳಾದ ಮೇಲೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಡಿಸೆಂಬರ್ 31ಕ್ಕೆ ಕಬ್ಬಿಣದ ಅದಿರು ಗಣಿಗಾರಿಕೆ ನಿಂತ ಕುದುರೆಮುಖಕ್ಕೆ ಈ ನಿಯಮ ಬರುವಾಗ ಇನ್ನೂ ಸಮಯವಿತ್ತು. ಅಲ್ಲಿಯೂ ಲಕ್ಯಾ ಅಣೆಕಟ್ಟೆಯ ಹಿಂದೆ ಸಂಗ್ರಹವಾದ ಅದಿರಿನ ಹೂಳು ಗಣಿಯೊಂದಿಗೆ ಹೊರಟುಹೋಗಲಿಲ್ಲ.

ಕಥೆ ಅಲ್ಲಿಗೇ ಮುಗಿದಿಲ್ಲ. ಕೋಲಾರದ 13 ದಿಬ್ಬಗಳಿರುವ ಸಾವಿರ ಎಕರೆಗೂ ಹೆಚ್ಚು ಜಾಗದಲ್ಲಿ ಮತ್ತೆ ಚಿನ್ನ ಹುಡುಕುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ನೀಡಿತು. ಹೊಸದಾಗಿ ಕೆಲಸ ಮಾಡುವವರಿಂದ ನೀರು ಕೆಟ್ಟಿತೇ, ಮೊದಲೇ ಕೆಟ್ಟಿತ್ತೇ ಎಂಬ ಪ್ರಶ್ನೆ ನಾಳೆ ಎದ್ದರೆ ಉತ್ತರ ಹೇಳಬಲ್ಲುದು ಹಳೆಯ ಅಳತೆಗಳ ಸರಣಿ ಮಾತ್ರ. ಮುಚ್ಚಿದ ಗಣಿ ಮತ್ತೆ ತೆರೆಯಬಹುದು. ಕಳೆದುಹೋದ ವರ್ಷಗಳ ಅಳತೆಯನ್ನು ಯಾರೂ ಮತ್ತೆ ತರಲಾರರು.

ಕಲ್ಲಿನ ಕ್ವಾರಿ: ಹೊಣೆ ಯಾರದು?

ವಿಜಯಪುರದಲ್ಲಿ ಚಿನ್ನದ ಗಣಿಯಿಲ್ಲ. ಆದರೆ ರಸ್ತೆಗೆ, ಕಟ್ಟಡಕ್ಕೆ, ಕಾಲುವೆಗೆ ಬೇಕಾದ ಜಲ್ಲಿ ಬರುವುದು ಇದೇ ಕಪ್ಪು ಶಿಲೆಯ ಕ್ವಾರಿಗಳಿಂದ. ಕಟ್ಟಡದ ಕಲ್ಲು ಉಪಖನಿಜ. ಅದು ರಾಜ್ಯದ 1994ರ ಉಪಖನಿಜ ನಿಯಮಗಳಿಗೆ ಒಳಪಟ್ಟಿದೆ. ದೊಡ್ಡ ಗಣಿಗಳ ನಿಯಮ ಇದಕ್ಕೆ ನೇರವಾಗಿ ಅನ್ವಯಿಸದು. ಐದು ಹೆಕ್ಟೇರಿಗಿಂತ ಕಡಿಮೆ ವಿಸ್ತೀರ್ಣದ ಕ್ವಾರಿಗಳಿಗೂ ಪರಿಸರ ಅನುಮತಿ ಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2012ರ ಫೆಬ್ರುವರಿಯಲ್ಲಿ.

ಕ್ವಾರಿ ಆಳಕ್ಕೆ ಇಳಿದು ನೀರಿನ ಮಟ್ಟ ತಲುಪಿದರೆ ಸುತ್ತಲಿನ ಬಾವಿಯ ನೀರು ಅದರೊಳಕ್ಕೆ ಜಿನುಗುತ್ತದೆ. ಕೆಲಸ ನಡೆಯಲು ಅದನ್ನು ಪಂಪಿನಿಂದ ಹೊರಹಾಕಬೇಕಾಗುತ್ತದೆ. ಗುತ್ತಿಗೆ ಮುಗಿದ ಮೇಲೆ ಹೊಂಡದಲ್ಲಿ ನೀರು ನಿಲ್ಲುತ್ತದೆ. ಊರವರಿಗೆ ಅದು ಕೆರೆಯಂತೆ ಕಾಣಬಹುದು. ಆದರೆ ಅದು ಅಂತರ್ಜಲಕ್ಕೆ ತೆರೆದ ಬಾಗಿಲು. ಅದಕ್ಕೆ ಕಸ ಸುರಿದರೆ, ಚರಂಡಿ ಬಿಟ್ಟರೆ ಅದು ಸೋಸಿಕೊಳ್ಳುವ ಮಣ್ಣಿನ ಪದರವಿಲ್ಲದೆ ನೇರವಾಗಿ ಬಿರುಕುಗಳಿಗೆ ಇಳಿಯುತ್ತದೆ.

ರಾಜ್ಯದಲ್ಲಿ ಅಂತರ್ಜಲ ವೀಕ್ಷಣೆಯ ಕೆಲಸ 1970ರ ದಶಕದಿಂದ ಬಹುಕಾಲ ನಡೆದದ್ದು ಗಣಿ ಮತ್ತು ಭೂವಿಜ್ಞಾನ ಇಲಾಖೆಯಲ್ಲಿ ಎಂಬುದನ್ನು ಇಲ್ಲಿ ನೆನೆಯಬೇಕು. ನಂತರ ಅದು ಸಣ್ಣ ನೀರಾವರಿ ಇಲಾಖೆಯ ಅಡಿಯ ಅಂತರ್ಜಲ ನಿರ್ದೇಶನಾಲಯಕ್ಕೆ ಹಸ್ತಾಂತರವಾಯಿತು. ನೀರಿನ ಲೆಕ್ಕ ನೀರಿನ ಇಲಾಖೆಗೆ ಹೋದದ್ದು ಸರಿಯೇ. ಆದರೆ ಕಲ್ಲು ತೆಗೆಯಲು ಅನುಮತಿ ಕೊಡುವವರು ಒಂದು ಕಡೆ, ನೀರು ಅಳೆಯುವವರು ಇನ್ನೊಂದು ಕಡೆ ಆದಾಗ, ಕ್ವಾರಿಯ ಅಂಚಿನ ಬಾವಿ ಯಾರ ಪಟ್ಟಿಗೆ ಸೇರಬೇಕು ಎಂಬುದು ತಾನಾಗಿ ಇತ್ಯರ್ಥವಾಗುವುದಿಲ್ಲ. ಅದನ್ನು ಆದೇಶದಲ್ಲಿ ಬರೆಯಬೇಕು.

ಮುಚ್ಚುವುದೂ ಒಂದು ಕೆಲಸ

ಹಾಗೆಂದು ಎಲ್ಲ ಬಾವಿಗಳನ್ನೂ ತೆರೆದಿಡಬೇಕು ಎಂದಲ್ಲ. ಈ ಜಿಲ್ಲೆಗೆ ಆ ಎಚ್ಚರಿಕೆ ಬೇರೆ ಯಾರೂ ಹೇಳಬೇಕಿಲ್ಲ. ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ 2024ರ ಏಪ್ರಿಲ್ 3ರಂದು ಎರಡು ವರ್ಷದೊಳಗಿನ ಮಗುವೊಂದು ತೆರೆದ ಕೊಳವೆಬಾವಿಗೆ ಬಿದ್ದು, ಸುಮಾರು 20 ಗಂಟೆಗಳ ಕಾರ್ಯಾಚರಣೆಯ ನಂತರ ಜೀವಂತವಾಗಿ ಹೊರಬಂದುದನ್ನು ಇಡೀ ನಾಡು ಉಸಿರು ಬಿಗಿಹಿಡಿದು ನೋಡಿತು. ಅಥಣಿ ತಾಲ್ಲೂಕಿನ ಝುಂಜರವಾಡದಲ್ಲಿ 2017ರ ಏಪ್ರಿಲ್‌ನಲ್ಲಿ ಬಿದ್ದ ಬಾಲಕಿಗೆ ಆ ಭಾಗ್ಯವಿರಲಿಲ್ಲ.

ಸುಪ್ರೀಂ ಕೋರ್ಟ್ 2010ರಲ್ಲಿಯೇ ಈ ಬಗ್ಗೆ ಮಾರ್ಗಸೂಚಿ ನೀಡಿದೆ. ಕೈಬಿಟ್ಟ ಕೊಳವೆಬಾವಿಯನ್ನು ತಳದಿಂದ ನೆಲಮಟ್ಟದವರೆಗೆ ಜೇಡಿ, ಮರಳು, ಕಲ್ಲುಗಳಿಂದ ತುಂಬಬೇಕು ಎಂಬುದು ಅದರಲ್ಲಿ ಸೇರಿದೆ. ವಿಫಲ ಕೊಳವೆಬಾವಿಗಳನ್ನು ಮುಚ್ಚದೆ ಬಿಡುವವರಿಗೆ ಜೈಲು ಮತ್ತು ದಂಡ ವಿಧಿಸುವ ತಿದ್ದುಪಡಿಯನ್ನು ರಾಜ್ಯ ಸರ್ಕಾರ 2024ರಲ್ಲಿ ವಿಧಾನಮಂಡಲದ ಮುಂದೆ ತಂದಿತು.

ಮುಚ್ಚುವುದರ ಹಿಂದೆ ನೀರಿನ ಕಾರಣವೂ ಇದೆ. ಪದರಗಳ ಶಿಲೆಯಲ್ಲಿ ಕೊಳವೆಬಾವಿ ಎಂದರೆ ಮೇಲಿನ ಪದರಕ್ಕೂ ಕೆಳಗಿನ ಪದರಕ್ಕೂ ಇಳಿಬಿಟ್ಟ ನಳಿಗೆ. ಮೇಲೆ ಸವಳು ನೀರೋ ಚರಂಡಿ ನೀರೋ ಇದ್ದರೆ ಅದು ಕೆಳಗಿನ ಸಿಹಿನೀರಿಗೆ ಸೇರುತ್ತದೆ. ಬಾಯಿಗೆ ಒಂದು ಚಪ್ಪಡಿ ಎಳೆದರೆ ಮಗು ಬೀಳುವುದು ತಪ್ಪೀತು. ಒಳಗಿನ ಕಲಬೆರಕೆ ತಪ್ಪುವುದಿಲ್ಲ. ಆದ್ದರಿಂದ ಆಳ ಅಳೆದು, ಒಳಗೆ ಸಿಲುಕಿದ ಪೈಪು-ಪಂಪು ತೆಗೆದು, ತಳದಿಂದ ಮೇಲಕ್ಕೆ ತುಂಬುತ್ತ ಬಂದು, ನೀರು ತಡೆಯುವ ಪದರದ ಜಾಗದಲ್ಲಿ ಜೇಡಿ ಅಥವಾ ಸಿಮೆಂಟಿನ ಬಿರಡೆ ಹಾಕಿ, ಸ್ಥಳವನ್ನು ನಕ್ಷೆಯಲ್ಲಿ ಗುರುತಿಸುವುದು ಸರಿಯಾದ ಕ್ರಮ.

ಒಂದೆಡೆ ತೆರೆದ ಬಾವಿಗಳನ್ನು ಮುಚ್ಚಬೇಕೆಂಬ ಒತ್ತಡ, ಇನ್ನೊಂದೆಡೆ ಅಳತೆಯ ಬಾವಿಗಳನ್ನು ಉಳಿಸಬೇಕೆಂಬ ಅಗತ್ಯ. ಇವೆರಡೂ ಪರಸ್ಪರ ವಿರೋಧಿಗಳಲ್ಲ. ಬೀಗವಿರುವ ಮುಚ್ಚಳ, ಸುತ್ತ ಸಣ್ಣ ಕಟ್ಟೆ, ಕ್ರಮಸಂಖ್ಯೆಯ ಫಲಕ ಇದ್ದರೆ ವೀಕ್ಷಣಾ ಬಾವಿಯಿಂದ ಯಾರಿಗೂ ಅಪಾಯವಿಲ್ಲ. ಮುಚ್ಚುವ ಅಭಿಯಾನದ ಭರಾಟೆಯಲ್ಲಿ ಅಳತೆಯ ಬಾವಿಯೂ ಮುಚ್ಚಿಹೋಗದಂತೆ ಗ್ರಾಮ ಪಂಚಾಯಿತಿಯ ಬಳಿ ಪಟ್ಟಿ ಇರಬೇಕು. ರೈತ ಕೈಬಿಟ್ಟ ಬಾವಿಗಳಲ್ಲಿ ಆಯಕಟ್ಟಿನ ಜಾಗದ ಕೆಲವನ್ನು ಒಪ್ಪಿಗೆ ಪಡೆದು ಅಳತೆಗೆ ಬಳಸಿಕೊಳ್ಳುವ ಅವಕಾಶವೂ ಇದೆ. ಆದರೆ ಪಕ್ಕದಲ್ಲಿಯೇ ಪಂಪು ಓಡುತ್ತಿದ್ದರೆ ಅಳತೆ ತಪ್ಪುತ್ತದೆ. ಕೇಂದ್ರ ಅಂತರ್ಜಲ ಪ್ರಾಧಿಕಾರದ ಮಾರ್ಗಸೂಚಿಯಂತೆ ಪೀಜೋಮೀಟರ್ ಮತ್ತು ನೀರೆತ್ತುವ ಬಾವಿಯ ನಡುವೆ ಕನಿಷ್ಠ 50 ಮೀಟರ್ ಅಂತರವಿರಬೇಕು.

ತೊರವಿಯ ಸುರಂಗದ ಎಚ್ಚರಿಕೆ

ದಾಖಲೆ ಕಳೆದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ವಿಜಯಪುರ ನಗರದಲ್ಲಿಯೇ ನಿದರ್ಶನವಿದೆ. ಆದಿಲ್‌ಶಾಹಿ ಅರಸರು ತೊರವಿಯ ಕಡೆಯಿಂದ ನೆಲದಡಿಯ ಸುರಂಗದ ಮೂಲಕ ನಗರಕ್ಕೆ ನೀರು ತಂದರು. ಸುರಂಗದ ಉದ್ದಕ್ಕೂ ಗಾಳಿಬಾವಿಗಳನ್ನು ತೋಡಿದ್ದರು. ಒಳಗೆ ಇಳಿಯಲು, ಹೂಳು ತೆಗೆಯಲು, ನೀರು ಎಷ್ಟಿದೆ ಎಂದು ನೋಡಲು ಅವೇ ಕಿಂಡಿಗಳು. 1579ರ ಚಾಂದ್ ಬಾವಡಿ, 1620ರ ತಾಜ್ ಬಾವಡಿ, 1651ರ ಬೇಗಂ ತಲಾಬ್ ಇವೆಲ್ಲ ಅದೇ ಜಲಪರಂಪರೆಯ ಭಾಗ. ನಗರಕ್ಕೆ ಬೇರೆ ಮೂಲದ ನೀರು ಬಂದ ಮೇಲೆ ಕಿಂಡಿಗಳನ್ನು ನೋಡಿಕೊಳ್ಳುವವರು ಇಲ್ಲವಾದರು. ಕೆಲವು ಕಸದಿಂದ ತುಂಬಿದವು, ಕೆಲವು ಮಣ್ಣಿನಡಿ ಮರೆಯಾದವು. ಬಾವಡಿಗಳ ಹೂಳು ತೆಗೆಯುವ ಕೆಲಸ ಈಚಿನ ವರ್ಷಗಳಲ್ಲಿ ನಡೆದಿದೆ. ಸುರಂಗದ ಹಾದಿಯನ್ನು ಮಾತ್ರ ತಜ್ಞರು ಹುಡುಕಿ ಗುರುತಿಸಬೇಕಾಗಿದೆ. ನೀರು ಬಂದಿತೆಂದು ಕಿಂಡಿ ಮರೆತದ್ದರ ಫಲವಿದು. ತಿಕೋಟಾ, ಬಬಲೇಶ್ವರಗಳಲ್ಲಿ ಅದೇ ತಪ್ಪು ಮರುಕಳಿಸಬೇಕಿಲ್ಲ.

ಮುಂದೇನು?

ಯಂತ್ರಗಳು ಬಂದಿರುವುದರಿಂದ ಹಳೆಯ ಬಾವಿಗಳ ಅಗತ್ಯವಿಲ್ಲ, ಉಪಗ್ರಹವೇ ಎಲ್ಲವನ್ನೂ ಹೇಳುತ್ತದೆ ಎಂಬ ವಾದವೂ ಇದೆ. ಯಂತ್ರಕ್ಕೂ ಇಳಿಯಲು ಒಂದು ಬಾವಿ ಬೇಕು. ಉಪಗ್ರಹ ಹೇಳುವುದು ವಿಶಾಲ ಪ್ರದೇಶದ ಚಿತ್ರವನ್ನು. ಒಂದು ಹೊಸ ತಾಲ್ಲೂಕಿನ ಬಿರುಕು ಶಿಲೆಯ ಚಿತ್ರವನ್ನಲ್ಲ. ಸಿಬ್ಬಂದಿಯ ಕೊರತೆ ನಿಜವಾದ ತೊಂದರೆ. ಅದಕ್ಕೆ ಪರಿಹಾರ ಗ್ರಾಮ ಪಂಚಾಯಿತಿ, ಪ್ರೌಢಶಾಲೆಗಳ ಸಹಾಯ ಪಡೆಯುವುದೇ ಹೊರತು ಅಳತೆ ನಿಲ್ಲಿಸುವುದಲ್ಲ. ನಗರದ ಸಮೀಪ ಹಿಟ್ನಳ್ಳಿಯಲ್ಲಿಯೇ ಕೃಷಿ ಮಹಾವಿದ್ಯಾಲಯವಿದೆ. ನೀರು ಮತ್ತು ಮಣ್ಣಿನ ಉಪ್ಪಿನಂಶವನ್ನು ಒಟ್ಟಿಗೆ ನೋಡಬಲ್ಲ ಸಂಸ್ಥೆಯನ್ನು ಜೊತೆಗೂಡಿಸಿಕೊಳ್ಳುವುದು ಕಷ್ಟವಲ್ಲ.

ಮಾಡಬೇಕಾದುದು ಬಹಳ ದೊಡ್ಡದೂ ಅಲ್ಲ. ಹಳೆಯ ವಿಜಯಪುರ ತಾಲ್ಲೂಕಿನ ಪ್ರತಿ ವೀಕ್ಷಣಾ ಬಾವಿ ಈಗ ಯಾವ ತಾಲ್ಲೂಕಿನಲ್ಲಿದೆ, ಯಾವ ಸ್ಥಿತಿಯಲ್ಲಿದೆ ಎಂಬ ಪಟ್ಟಿಯನ್ನು ಸಾರ್ವಜನಿಕರ ಮುಂದಿಡಬೇಕು. ಕೈಬಿಟ್ಟ ಬಾವಿ ಇದ್ದರೆ ದಿನಾಂಕ ಮತ್ತು ಕಾರಣ ನಮೂದಿಸಬೇಕು. ಬತ್ತಿದ್ದನ್ನು ಬತ್ತಿದೆ ಎಂದೇ ಲೆಕ್ಕದಲ್ಲಿ ತೋರಿಸಬೇಕು. ಕಾಲುವೆಯ ಅಂಚಿನಲ್ಲಿ, ಡೋಣಿ ಕಣಿವೆಯಲ್ಲಿ, ಕಾಲುವೆ ತಲುಪದ ಎತ್ತರದ ನೆಲದಲ್ಲಿ ಹೀಗೆ ಮೂರೂ ಕಡೆ ಮಟ್ಟದೊಂದಿಗೆ ಉಪ್ಪಿನಂಶವನ್ನೂ ಅಳೆಯಬೇಕು. ಕ್ವಾರಿ ಗುತ್ತಿಗೆ ಮುಗಿಯುವಾಗ ಅಂಚಿನ ಬಾವಿಯನ್ನು ಯಾರು ವಹಿಸಿಕೊಳ್ಳುತ್ತಾರೆ ಎಂಬುದು ಲಿಖಿತವಾಗದೆ ಕಡತ ಮುಕ್ತಾಯವಾಗಬಾರದು.

ನೀರಾವರಿಗೆ ಸಾವಿರಾರು ಕೋಟಿ ರೂಪಾಯಿ ಸುರಿಯುವ ಸರ್ಕಾರಕ್ಕೆ ಕೆಲವು ಬಾವಿಗಳ ಮುಚ್ಚಳ, ಫಲಕ, ಅಳತೆಪಟ್ಟಿಯ ವೆಚ್ಚ ಹೊರೆಯಾಗಲಾರದು. ಏತ ನೀರಾವರಿಯಿಂದ ಜನರಿಗೆ ಎಷ್ಟು ಒಳಿತಾಯಿತು ಎಂದು ಹೇಳಿಕೊಳ್ಳಲಾದರೂ ಆ ಬಾವಿಗಳು ಬೇಕೇ ಬೇಕು. ಅಳತೆಯಿಲ್ಲದಿದ್ದರೆ ಯಶಸ್ಸಿಗೂ ಸಾಕ್ಷಿಯಿಲ್ಲ, ವೈಫಲ್ಯಕ್ಕೂ ಸಾಕ್ಷಿಯಿಲ್ಲ. ಸಾಕ್ಷಿಯಿಲ್ಲದ ಲೆಕ್ಕದಲ್ಲಿ ಕೊನೆಗೆ ಸೋಲುವವನು ಕೊಳವೆಬಾವಿಯ ಸಾಲ ಹೊತ್ತ ರೈತನೇ.